ಹನೋಯ್‌ನಲ್ಲಿ ಬಾನ್ ಕುವಾನ್ ತಿನ್ಬೇಕು, ಜೊತೇಲಿ ಪಕ್ಕಾ ವೆಜ್ ಅಮ್ಮ ಇದಾರೆ, ದಾರಿ ಹೇಳ್ರಪ್ಪ

ತುಮಕೂರ್ ತಿಂಡಿಪೋತಿ:

ಎಲ್ರಿಗೂ ನಮಸ್ಕಾರ. ಮುಂದಿನ ತಿಂಗ್ಳು ನಾನೂ ಅಮ್ಮನೂ ವಿಯೆಟ್ನಾಂಗೆ ಹೋಗ್ತಿದೀವಿ, ಹನೋಯ್‌ನಲ್ಲಿ ಐದು ದಿನ, ಆಮೇಲೆ ಹಾಲಾಂಗ್ ಕಡೆ. ಟಿಕೆಟ್ ವೀಸಾ ಎಲ್ಲ ಆಗಿದೆ, ಈಗ ತಲೆನೋವು ಊಟದ್ದು. ಆಫೀಸಲ್ಲಿ ಒಬ್ರು ಒಂದು ವಿಡಿಯೋ ತೋರ್ಸಿದ್ರು, ಒಬ್ಬ ಅಜ್ಜಿ ಕುದಿಯೋ ಪಾತ್ರೆ ಬಾಯಿಗೆ ಬಟ್ಟೆ ಬಿಗಿದಿದಾರೆ, ಅದ್ರ ಮೇಲೆ ಅಕ್ಕಿ ಹಿಟ್ಟು ಸವರಿ ಮುಚ್ಚಳ ಮುಚ್ತಾರೆ, ಅರ್ಧ ನಿಮಿಷ ಆಗಿಲ್ಲ ಒಂದು ಬಿದಿರು ಕೋಲು ತೂರ್ಸಿ ಆ ಹಾಳೆನ ಹಂಗೇ ಎತ್ತಿ ಪಕ್ಕಕ್ಕೆ ಹಾಕ್ತಾರೆ, ಸೊಸೆ ಥರ ಇರೋ ಒಬ್ರು ಒಳಗೆ ಏನೋ ಇಟ್ಟು ಸುತ್ತಿ ಪ್ಲೇಟಿಗೆ ಹಾಕ್ತಾರೆ. ಬಾನ್ ಕುವಾನ್ ಅಂತೆ ಹೆಸ್ರು. ಅವತ್ತಿಂದ ನಂಗೆ ಅದೇ ಧ್ಯಾನ.

ನಾನು ಎಲ್ಲ ತಿಂತೀನಿ, ತೊಂದ್ರೆ ಇಲ್ಲ. ಅಮ್ಮ ಮೊಟ್ಟೆನೂ ಮುಟ್ಟಲ್ಲ. ಹಂಗಂತ ಅವ್ರನ್ನ ರೂಮಲ್ಲಿ ಕೂರ್ಸಿ ನಾನೊಬ್ಳೇ ಹೋಗಿ ತಿಂದ್ಕೊಂಡು ಬರೋಕೆ ಮನಸ್ಸಿಲ್ಲ. ಅವ್ರಿಗೆ ಅಲ್ಲಿ ಏನಾದ್ರೂ ಸಿಗುತ್ತಾ? ದೊಡ್ಡ ರೆಸ್ಟೋರೆಂಟ್ ಬೇಡ, ಆ ವಿಡಿಯೋದಲ್ಲಿರೋ ಥರ ಮನೆಯವ್ರೇ ನಡ್ಸೋ ಚಿಕ್ಕ ಅಂಗಡಿನೇ ಬೇಕು. ಹೆಂಗೆ ಕೇಳ್ಬೇಕು, ಎಷ್ಟು ಹೊತ್ತಿಗೆ ಹೋಗ್ಬೇಕು, ದುಡ್ಡೆಷ್ಟು, ಹೋಗಿರೋರು ಹೇಳಿ ಪ್ಲೀಸ್. ಇಂಡಿಯನ್ ರೆಸ್ಟೋರೆಂಟ್ ಲಿಸ್ಟ್ ಮಾತ್ರ ಬೇಡ, ಅದು ಗೂಗಲ್‌ನಲ್ಲಿದೆ.

ಪುತ್ತೂರು ಎಕ್ಸ್‌ಪ್ರೆಸ್:

ಅದು ನಮ್ಮ ನೀರುದೋಸೆಯನ್ನು ಹಬೆಯಲ್ಲಿ ಬೇಯಿಸಿದ ಹಾಗೆ ಮಾರಾಯ್ರೆ, ಅಷ್ಟೇ. ನಾನು ಹೋದ ವರ್ಷ ಹೋದಾಗ ನಾಲ್ಕು ದಿನದಲ್ಲಿ ಆರು ಸಲ ತಿಂದಿದ್ದೇನೆ, ಒಳಗೆ ಕೊಚ್ಚಿದ ಹಂದಿ ಮಾಂಸ, ಕಪ್ಪು ಅಣಬೆ, ಮೇಲೆ ಹುರಿದ ಸಣ್ಣ ಈರುಳ್ಳಿ ರಾಶಿ, ಬದಿಯಲ್ಲಿ ದಾಲ್ಚಿನ್ನಿ ಪರಿಮಳದ ಒಂದು ಮಾಂಸದ ತುಂಡು ಇರ್ತದೆ, ಚಾ ಕ್ವೆ ಅಂತ, ಅದನ್ನು ಬಿಡ್ಬೇಡಿ. ನಿಮ್ಮ ಅಮ್ಮನ ವಿಷಯ ನನಗೆ ಗೊತ್ತಿಲ್ಲ.

ಆದ್ರೆ ದುಡ್ಡಿನ ವಿಷಯ ಹೇಳ್ತೇನೆ. ಅಲ್ಲಿಯ ದುಡ್ಡು ಡಾಂಗ್, 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ, ಎರಡರಲ್ಲೂ ಅದೇ ಹೋ ಚಿ ಮಿನ್ ಮುಖ. ಬೆಳಿಗ್ಗೆ ಕಣ್ಣು ಸರಿ ಬಿಟ್ಟಿರ್ಲಿಲ್ಲ, ನಾನು ಎರಡು 20 ಸಾವಿರ ಅಂದ್ಕೊಂಡು ಒಂದು 20 ಮತ್ತು ಒಂದು 5 ಲಕ್ಷ ಕೊಟ್ಟು ಎದ್ದು ಹೊರಟಿದ್ದೆ. ಆ ಹೆಂಗಸು ಕೈಯಲ್ಲಿ ಎಣ್ಣೆ ಇದ್ದ ಹಾಗೇ ರಸ್ತೆಗೆ ಓಡಿ ಬಂದು ನೋಟನ್ನು ಎತ್ತಿ ನನ್ನ ಮುಖದ ಎದುರು ಹಿಡಿದು ಸೊನ್ನೆ ಎಣಿಸಿ ತೋರಿಸಿದ್ರು. ಅಂಗಡಿಯಲ್ಲಿದ್ದವರೆಲ್ಲ ನಗ್ತಾ ಇದ್ರು. 5 ಲಕ್ಷವನ್ನು ಪರ್ಸಿನ ಬೇರೆ ಖಾನೆಯಲ್ಲಿ ಇಟ್ಕೊಳ್ಳಿ, ಇಷ್ಟೇ ನನ್ನ ಬುದ್ಧಿಮಾತು.

ಹನೋಯ್‌ನಲ್ಲಿ ಒಬ್ಬ:

ನಾನು ಇಲ್ಲಿಗೆ ಬಂದು ನಾಲ್ಕನೇ ವರ್ಷ, ನಮ್ಮ ಗಲ್ಲಿ ಬಾಯಲ್ಲೇ ಒಂದು ಬಾನ್ ಕುವಾನ್ ಅಂಗಡಿ ಇದೆ, ವಾರಕ್ಕೆ ಮೂರು ದಿನ ನನ್ನ ತಿಂಡಿ ಅಲ್ಲೇ. ಸ್ವಲ್ಪ ಉದ್ದ ಬರೀತೀನಿ, ಓದೋಕೆ ಬೇಜಾರಾದ್ರೆ ಸ್ಕ್ರಾಲ್ ಮಾಡಿ.

ಮೊದ್ಲು ಟೈಮ್. ಇದು ಮೂಲತಃ ಬೆಳಗಿನ ತಿಂಡಿ. ಆರೂವರೆ ಏಳಕ್ಕೆ ಹೋಗಿ. ಚಿಕ್ಕ ಅಂಗಡಿಗಳಲ್ಲಿ ಹಿಟ್ಟು ಖಾಲಿ ಆದ್ರೆ ಮುಗೀತು, ಹತ್ತು ಹತ್ತೂವರೆಗೆ ಸ್ಟೂಲ್ ಎಲ್ಲ ಒಂದರ ಮೇಲೊಂದು ಪೇರಿಸಿಟ್ಟಿರ್ತಾರೆ. ಕೆಲವು ಕಡೆ ಸಂಜೆನೂ ಇರುತ್ತೆ. ಹಳೇ ಪೇಟೆ ಏರಿಯಾದಲ್ಲಿ ಹಾಂಗ್ ಗಾ ಅನ್ನೋ ಬೀದಿಲಿ ಥಾನ್ ವಾನ್ ಅಂತ ಒಂದು ಅಂಗಡಿ ಇದೆ, ತುಂಬ ಜನ ಅಲ್ಲಿಗೇ ಹೋಗ್ತಾರೆ. ಹಾಂಗ್ ಗಾ ಅಂದ್ರೆ ಕೋಳಿ ಬೀದಿ. ನಮ್ಮ ಅಕ್ಕಿಪೇಟೆ ಬಳೇಪೇಟೆ ಥರನೇ ಇಲ್ಲೂ ಒಂದೊಂದು ಬೀದಿಗೆ ಒಂದೊಂದು ಸರಕಿನ ಹೆಸ್ರು, ಸಕ್ಕರೆ ಬೀದಿ, ಬೆಳ್ಳಿ ಬೀದಿ, ಹತ್ತಿ ಬೀದಿ, ಎಷ್ಟೋ ಬೀದಿಲಿ ಆ ಸರಕು ಈಗ ಸಿಗಲ್ಲ ಅನ್ನೋದೂ ನಮ್ಮ ಥರನೇ. ಆದ್ರೆ ನನ್ ಕೇಳಿದ್ರೆ ಹೆಸರಿರೋ ಅಂಗಡಿ ಹುಡ್ಕೋಕೆ ಹೋಗ್ಬೇಡಿ, ನಿಮ್ಮ ಹೋಟೆಲಿಂದ ಹೊರಗೆ ಬಂದು ಎಡಕ್ಕೋ ಬಲಕ್ಕೋ ಹತ್ತು ನಿಮಿಷ ನಡೀರಿ, ಫುಟ್‌ಪಾತ್ ಮೇಲೆ ಹಬೆ ಏಳ್ತಿರೋದು ಕಾಣುತ್ತೆ.

ಇನ್ನು ನಮ್ಮ ಗಲ್ಲಿ ಅಂಗಡಿ. ಅಜ್ಜಿ ಒಲೆ ಮುಂದೆ, ಸೊಸೆ ಟ್ರೇ ಮುಂದೆ, ಮಗ ಗಿರಾಕಿಗಳ ಸ್ಕೂಟರ್ ಸರ್ಸೋದು, ತಟ್ಟೆ ತೊಳೆಯೋದು, ದುಡ್ಡು ಇಸ್ಕೊಳ್ಳೋದು. ಮೊಮ್ಮಗ ಯೂನಿಫಾರ್ಮ್ ಹಾಕ್ಕೊಂಡು ಒಂದು ಸ್ಟೂಲ್ ಮೇಲೆ ಕೂತು ಇನ್ನೊಂದು ಸ್ಟೂಲ್ ಮೇಲೆ ಪುಸ್ತಕ ಇಟ್ಕೊಂಡಿರ್ತಾನೆ. ಅಜ್ಜಿ ಹತ್ರ ಎರಡು ಪಾತ್ರೆ, ಒಂದ್ರಲ್ಲಿ ಬೇಯ್ತಿರೋವಾಗ ಇನ್ನೊಂದ್ರಿಂದ ಎತ್ತೋದು. ಹಿಟ್ಟು ನಮ್ಮ ನೀರುದೋಸೆ ಹಿಟ್ಟಿಗಿಂತ ಒಂಚೂರು ಗಟ್ಟಿ, ಸೌಟಿನ ತಳದಲ್ಲಿ ದೋಸೆ ಥರ ಸುತ್ತಿಸಿ ಹರಡ್ತಾರೆ, ಆದ್ರೆ ಕೆಳಗೆ ಕಾವಲಿ ಇಲ್ಲ ಬಟ್ಟೆ, ಒತ್ತಿದ್ರೆ ತಗ್ಗಾಗಿ ಹಿಟ್ಟು ಮಧ್ಯಕ್ಕೆ ಬಂದು ನಿಂತ್ಬಿಡುತ್ತೆ, ಅದಕ್ಕೆ ಸೌಟು ಮುಟ್ಟಿಯೂ ಮುಟ್ಟದ ಹಂಗೆ ಓಡ್ಬೇಕು. ನಾನು ಒಂದ್ಸಲ ಟ್ರೈ ಮಾಡ್ದೆ, ಅಜ್ಜಿ ಕೈ ಮೇಲೆ ಒಂದು ಕೊಟ್ಟು ಸೌಟು ಕಿತ್ಕೊಂಡ್ರು. ಬೆಂದ ಮೇಲೆ ಚಪ್ಪಟೆ ಬಿದಿರು ಕೋಲನ್ನ ಹಾಳೆ ಅಡಿ ಅಂಚಿಂದ ಅಂಚಿಗೆ ಜಾರಿಸಿ ಎತ್ತಿದ್ರೆ ತಂತಿ ಮೇಲೆ ಒದ್ದೆ ಪಂಚೆ ಹಾಕ್ದಂಗೆ ಎರಡೂ ಕಡೆ ಇಳಿಬಿದ್ದಿರುತ್ತೆ, ಹಿಂದೆ ನಿಂತಿರೋರ ಶರ್ಟ್ ಬಣ್ಣ ಅದ್ರಲ್ಲಿ ಕಾಣುತ್ತೆ. ಅಷ್ಟು ತೆಳು. ಹೊಸ ಅಕ್ಕಿ ಆದ್ರೆ ಅಂಟಂಟಾಗಿ ಕೋಲಿಗೇ ಸುತ್ಕೊಳ್ಳುತ್ತಂತೆ, ಹಳೇ ಅಕ್ಕಿನೇ ಬೇಕು ಅಂತಾರೆ.

ತಿನ್ನೋ ರೀತಿ: ಕತ್ತರಿಲಿ ತುಂಡು ಮಾಡಿ ಕೊಡ್ತಾರೆ, ಪಕ್ಕದಲ್ಲಿ ಒಂದು ಬೋಗುಣಿ ತುಂಬ ಉಗುರು ಬೆಚ್ಚಗಿನ ನೀರು ನೀರಾದ ಸಾಸ್, ಅದು ಮೀನಿನ ಸಾಸ್, ನುವಕ್ ಮಾಮ್, ಅದಕ್ಕೆ ನೀರು ಸಕ್ಕರೆ ವಿನೆಗರ್ ಸೇರ್ಸಿರ್ತಾರೆ. ಸಾಸ್‌ನ ಪ್ಲೇಟ್ ಮೇಲೆ ಸುರೀಬೇಡಿ, ತುಂಡನ್ನ ಬೋಗುಣಿಗೆ ಮುಳುಗ್ಸಿ ಸೊಪ್ಪಿನ ಜೊತೆ ತಿನ್ನಿ. ಮೊದಲೆಲ್ಲ ಇದಕ್ಕೆ ಗದ್ದೆ ನೀರಲ್ಲಿ ಸಿಗೋ ಒಂದು ದೊಡ್ಡ ಹುಳದ ರಸ ಹನಿ ಲೆಕ್ಕದಲ್ಲಿ ಹಾಕ್ತಿದ್ರು, ಕಾ ಕುವಾಂಗ್ ಅಂತ, ಈಗ ಅದು ಅಪರೂಪ, ಬಾಟ್ಲಿ ಎಸೆನ್ಸ್ ಬಂದಿದೆ. ಕೇಳಿದ್ರೆ ಮಾತ್ರ ಹಾಕ್ತಾರೆ, ಹೆದರ್ಬೇಡಿ. ಪ್ಲೇಟಿಗೆ 40-50 ಸಾವಿರ ಡಾಂಗ್, ನಮ್ಮ ದುಡ್ಡಲ್ಲಿ 150 ರೂಪಾಯಿ ಆಸುಪಾಸು.

ಈಗ ನಿಮ್ಮಮ್ಮ. ಹನೋಯ್ ಸಿಟಿ ಒಳಗೇ ಥಾನ್ ಚೀ ಅಂತ ಒಂದು ಹಳ್ಳಿ ಇದೆ, ಅಲ್ಲಿಯವ್ರ ಬಾನ್ ಕುವಾನ್‌ಗೆ ಹೂರಣನೇ ಇರಲ್ಲ, ಬರೀ ಹಾಳೆ, ಒಂದರ ಮೇಲೊಂದು ಎಣ್ಣೆ ಸವರಿ ಪೇರ್ಸಿರ್ತಾರೆ, ಹೆಂಗಸರು ಬುಟ್ಟಿಲಿ ಹೊತ್ಕೊಂಡು ಮಾರ್ತಿದ್ರು. ಒಂದೊಂದೇ ಹಾಳೆ ಬಿಡ್ಸಿ ಬಿಸಿ ಬಿಸಿ ಕರಿದ ತೋಫು ಜೊತೆ ಕೊಡ್ತಾರೆ. ಕೇಳೋಕೆ ವೆಜ್ ಅನ್ಸುತ್ತೆ ಅಲ್ವಾ, ಆದ್ರೆ ಆ ಎಣ್ಣೆ ಹಂದಿ ಕೊಬ್ಬು ಇರಬಹುದು, ಕೇಳಿ ತಿನ್ಬೇಕು. ಹುರಿದ ಈರುಳ್ಳಿಗೂ ಅದೇ ಮಾತು. ಕೆಲವು ಕಡೆ ಮೇಲೆ ಸೀಗಡಿ ಪುಡಿನೂ ಉದುರಿಸ್ತಾರೆ. ಉತ್ತರದ ಕಾವ್ ಬಾಂಗ್, ಲಾಂಗ್ ಸೋನ್ ಪ್ರಾಂತ್ಯದ ಕಡೆಯವ್ರ ಅಂಗಡಿ ಆದ್ರೆ ಸಾಸ್ ಬದ್ಲು ಮೂಳೆ ಸಾರು ಕೊಡ್ತಾರೆ, ಒಳಗೆ ಮೊಟ್ಟೆ ಒಡೆದು ಹಾಕಿರ್ತಾರೆ, ಅದು ನಿಮ್ಗೆ ಓಕೆ, ಅಮ್ಮಂಗೆ ಬೇಡ.

ವೆಜ್ ಅನ್ನೋಕೆ ಇಲ್ಲಿ ಚಾಯ್ ಅಂತಾರೆ. ಟೀ ಅಲ್ಲ. ನಾನು ಬಂದ ಹೊಸದ್ರಲ್ಲಿ ಎಲ್ಲ ಬೋರ್ಡ್ ನೋಡಿ ಎಷ್ಟೊಂದು ಚಾಯ್ ಅಂಗಡಿ ಅಂತ ಒಳಗೆ ಹೋಗಿದೀನಿ.

ಹುಬ್ಳಿ ಮಂದಿ:

ಆ ಚಾಯ್ ಅನ್ನೂ ಶಬ್ದದ ಮ್ಯಾಲೆ ಪೂರ್ತಿ ನಂಬಿಕಿ ಇಡಬ್ಯಾಡ್ರಿ ಅಕ್ಕಾರ, ನನ್ನ ಕಥಿ ಕೇಳ್ರಿ. ನಾನೂ ನನ್ನ ಹೆಂಡತಿ ಇಬ್ರೂ ಶುದ್ಧ ಸಸ್ಯಾಹಾರಿ. ಒಂದು ಅಂಗಡ್ಯಾಗ ಕುಂತು ಬಾನ್ ಕುವಾನ್ ಚಾಯ್ ಅಂದೆ, ಅವರೂ ನಕ್ಕೋತ ಚಾಯ್ ಚಾಯ್ ಅಂದ್ರು, ಬಿಳೇ ಹಾಳಿ ಬಂತು, ಒಳಗ ಏನೂ ಇಲ್ಲ, ಖುಷಿ ಆತು. ಬಾಜೂಕ ಒಂದು ಬಟ್ಟಲದಾಗ ಬಂಗಾರದ ಬಣ್ಣದ ಸಾಸ್ ಇತ್ತು. ನಾ ನಿಂಬಿಹಣ್ಣಿನ ಪಾನಕ ಇರ್ಬೇಕು ಅಂತ ಹಾಳಿ ಅದ್ದಿ ಬಾಯಾಗ ಇಟ್ಟೆ. ಆಮ್ಯಾಲೆ ಏನಾತು ಬರ್ಯಂಗಿಲ್ಲ. ಅದು ಮೀನದ್ದು.

ತಿಳಕೊಂಡಿದ್ದು ಏನಂದ್ರ, ಸಾದಾ ಅಂಗಡ್ಯಾಗ ಚಾಯ್ ಅಂದ್ರ ಮಾಂಸದ ಹೂರಣ ಇಲ್ಲದ್ದು, ಖಾಲಿ ಇದ್ದದ್ದು, ಅಷ್ಟ. ಮೀನ ಸಾಸ್ ಅವರ ಲೆಕ್ಕದಾಗ ಉಪ್ಪಿನಂಗ. ಉಪ್ಪು ಬ್ಯಾಡ ಅಂತ ಯಾರಾದ್ರೂ ಹೇಳ್ತಾರೇನು? ತಪ್ಪು ಅವರದಲ್ಲ, ನಂದ. ಫೋನಿನ್ಯಾಗ ಅವರ ಭಾಷಾದಾಗ ಬರದು ತೋರಸ್ರಿ: ಮಾಂಸ ಬ್ಯಾಡ, ಮೀನ ಸಾಸ್ ಬ್ಯಾಡ, ಮೊಟ್ಟಿ ಬ್ಯಾಡ, ಹಂದಿ ಕೊಬ್ಬು ಬ್ಯಾಡ, ನಾ ಸಸ್ಯಾಹಾರಿ. ಬಾಯಿಲೆ ಹೇಳಿದ್ರ ನಮ್ಮ ಉಚ್ಚಾರ ಅವರಿಗೆ ತಿಳ್ಯಂಗಿಲ್ಲ, ರಾಗ ತಪ್ಪಿದ್ರ ಅರ್ಥನ ಬ್ಯಾರೆ.

ಹನೋಯ್‌ನಲ್ಲಿ ಒಬ್ಬ:

ಹುಬ್ಳಿ ಸರ್ ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಅದನ್ನ ಬರೀಬೇಕಿತ್ತು. ಸಾಸ್ ಬದ್ಲು ಸೀ ಝವ್ ಕೇಳಿ, ಸೋಯಾ ಸಾಸ್ ಅದು, ಯಾವ ಮನೇಲಾದ್ರೂ ಇರುತ್ತೆ. ಅದಕ್ಕೆ ನಿಂಬೆ, ಹಸಿಮೆಣಸು ಹಾಕ್ಕೊಂಡ್ರೆ ಆಯ್ತು.

ಇನ್ನೊಂದು, ಟ್ರಿಪ್ ಡೇಟ್‌ಗೆ ಹುಣ್ಣಿಮೆ ಬೀಳುತ್ತಾ ಪಂಚಾಂಗ ನೋಡಿ. ಇಲ್ಲಿ ಚಾಂದ್ರಮಾನ ತಿಂಗಳ 1ನೇ ತಾರೀಖು ಮತ್ತೆ 15ನೇ ತಾರೀಖು, ಅಂದ್ರೆ ಅಮಾವಾಸ್ಯೆ ಆಸುಪಾಸು ಮತ್ತೆ ಹುಣ್ಣಿಮೆಗೆ, ತುಂಬ ಜನ ಮಾಂಸ ಬಿಡ್ತಾರೆ. ಅವತ್ತು ಚಾಯ್ ಹೋಟೆಲ್‌ಗಳಲ್ಲಿ ಜಾಗ ಸಿಗಲ್ಲ, ಆದ್ರೆ ಎಲ್ಲ ಕಡೆ ವೆಜ್ ಸಿಗುತ್ತೆ. ದೇವಸ್ಥಾನದ ಹತ್ರದ ಚಾಯ್ ಅಂಗಡಿಗಳಲ್ಲಿ ಅಣಬೆ ತುಂಬಿದ ಬಾನ್ ಕುವಾನ್ ಇರುತ್ತೆ, ಸಾಸೂ ಮೀನಿಲ್ಲದ್ದು. ಬೌದ್ಧ ಪದ್ಧತಿ ಕಟ್ಟುನಿಟ್ಟಾಗಿ ನಡ್ಸೋರು ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ.

ಕರೆಯೋದು ಹೆಂಗೆ ಅಂತ ಯಾರೂ ಹೇಳಿಲ್ಲ. ನಮ್ಮ ಥರನೇ ಇಲ್ಲಿ ಎಲ್ರೂ ನೆಂಟರು. ನಿಮಗಿಂತ ಸ್ವಲ್ಪ ದೊಡ್ಡೋರಾದ್ರೆ ಚೀ, ಅಂದ್ರೆ ಅಕ್ಕ. ಅಮ್ಮನ ವಯಸ್ಸಿನೋರಾದ್ರೆ ಕೋ, ಅತ್ತೆ ಇದ್ದಂಗೆ. ಅಜ್ಜಿಗೆ ಬಾ. ಕೊನೇಲಿ ಓಯ್ ಸೇರ್ಸಿ. ಚೀ ಓಯ್, ಬಾ ಓಯ್. ನಮ್ಮ ಕಡೆ ಅಜ್ಜಿಗೆ ಓಯ್ ಅಂದ್ರೆ ಕಪಾಳಕ್ಕೆ ಬೀಳುತ್ತೆ, ಇಲ್ಲಿ ಅದೇ ಮರ್ಯಾದೆ.

ಮೆಲ್ಬರ್ನ್ ಮನೆಯಡುಗೆ:

ಇಲ್ಲಿ ಫುಟ್‌ಸ್ಕ್ರೇ, ಸ್ಪ್ರಿಂಗ್‌ವೇಲ್ ಕಡೆ ವಿಯೆಟ್ನಾಮಿನವರ ಅಂಗಡಿ ಬೇಕಾದಷ್ಟಿವೆ, ನಮ್ಮನೆ ಮಕ್ಕಳಿಗೆ ಇದು ಹುಚ್ಚು, ಹಾಗಾಗಿ ನಾನು ಮನೆಯಲ್ಲೇ ಮಾಡೋದು ಕಲ್ತೆ. ಹೋಗೋ ಮುಂಚೆ ಅಮ್ಮಂಗೆ ಮನೇಲಿ ಒಂದ್ಸಲ ಮಾಡಿ ತಿನ್ಸಿ ನೋಡಿ, ಇಷ್ಟ ಆಗುತ್ತೋ ಇಲ್ವೋ ಗೊತ್ತಾಗುತ್ತೆ. ಬಟ್ಟೆ ಕೋಲು ಏನೂ ಬೇಡ. ಒಂದು ಲೋಟ ನುಣ್ಣಗಿನ ಅಕ್ಕಿ ಹಿಟ್ಟು, ಅರ್ಧ ಲೋಟ ಮರಗೆಣಸಿನ ಪಿಷ್ಟ, ಸುಮಾರು ಮೂರು ಲೋಟ ನೀರು, ಉಪ್ಪು, ಒಂದು ಚಮಚ ಎಣ್ಣೆ. ಅರ್ಧ ಗಂಟೆ ಬಿಡಿ. ನಾನ್‌ಸ್ಟಿಕ್ ಕಾವಲಿ, ಮಧ್ಯಮ ಉರಿ, ಹಿಟ್ಟು ಹುಯ್ದು ಕಾವಲಿ ತಿರುಗ್ಸಿ ತಕ್ಷಣ ಮುಚ್ಚಿ, ಒಂದು ನಿಮಿಷದೊಳಗೆ ಮಧ್ಯ ಉಬ್ಬಿ ಬರುತ್ತೆ, ಆಗ ಕಾವಲಿನ ಎಣ್ಣೆ ಸವರಿದ ತಟ್ಟೆ ಮೇಲೆ ಬೋರಲು ಹಾಕಿ. ಬಿಸಿ ಇರೋವಾಗ ಕೈ ಹಾಕಿದ್ರೆ ಹರಿಯುತ್ತೆ, ಒಂಚೂರು ತಡೀರಿ. ಹಿಟ್ಟು ತಳ ಹಿಡಿಯುತ್ತೆ, ಪ್ರತಿ ಸಲ ಕಲಕಲೇಬೇಕು, ನಾನು ಫೋನ್ ನೋಡ್ತಾ ಕಲಕೋದು ಮರೆತು ಕೊನೇ ನಾಲ್ಕು ಹಾಳೆ ರಬ್ಬರ್ ಆಗಿದ್ದೂ ಇದೆ. ಹೂರಣಕ್ಕೆ ಅಣಬೆ, ಕ್ಯಾರೆಟ್, ಮೆಣಸಿನಪುಡಿ ಅಲ್ಲ ಕಾಳುಮೆಣಸು.

ಪುತ್ತೂರು ಎಕ್ಸ್‌ಪ್ರೆಸ್ ಅವ್ರೇ, ನೀರುದೋಸೆ ಹೋಲಿಕೆ ನಂಗೆ ಒಪ್ಪಿಗೆ ಇಲ್ಲ. ನೀರುದೋಸೆಲಿ ತೂತು ಇರುತ್ತೆ, ಕಾವಲಿ ವಾಸನೆ ಇರುತ್ತೆ. ಇದು ಒತ್ತುಶಾವಿಗೆನ ಎಳೆ ಮಾಡೋ ಬದ್ಲು ಹಾಳೆ ಮಾಡ್ದಂಗೆ.

ಪುತ್ತೂರು ಎಕ್ಸ್‌ಪ್ರೆಸ್:

ಅಕ್ಕ, ನೀರುದೋಸೆಯನ್ನು ಅಲ್ಲಗಳೆದವರ ಜೊತೆ ನಾನು ಮಾತಾಡುದಿಲ್ಲ.

ತುಮಕೂರ್ ತಿಂಡಿಪೋತಿ:

ಅಪ್‌ಡೇಟ್! ನಿನ್ನೆ ವಾಪಸ್ ಬಂದ್ವಿ. ಎಲ್ರಿಗೂ ಥ್ಯಾಂಕ್ಸ್, ಹುಬ್ಳಿಯವ್ರ ಫೋನ್ ಐಡಿಯಾಗೆ ಡಬಲ್ ಥ್ಯಾಂಕ್ಸ್.

ಎರಡನೇ ದಿನ ಬೆಳಿಗ್ಗೆ ಏಳಕ್ಕೆ ಹೋಟೆಲ್ ಹಿಂದಿನ ಗಲ್ಲಿಲಿ ಹಬೆ ನೋಡ್ಕೊಂಡೇ ಹೋದ್ವಿ, ಬೋರ್ಡ್ ಇತ್ತು, ಏನು ಬರೆದಿತ್ತೋ ಗೊತ್ತಿಲ್ಲ. ಇಲ್ಲೂ ಅಜ್ಜಿ ಸೊಸೆ ಜೋಡಿನೇ. ಫೋನ್ ತೋರ್ಸಿದ್ದಕ್ಕೆ ಸೊಸೆ ಓದಿ ಅಜ್ಜಿಗೆ ಕೂಗಿ ಏನೋ ಅಂದ್ರು, ಅಜ್ಜಿ ನಮ್ಮಮ್ಮನ್ನ ಮೇಲಿಂದ ಕೆಳಗೆ ನೋಡಿದ್ರು, ಆಮೇಲೆ ಕೋಲನ್ನ ಬಿಸಿನೀರಲ್ಲಿ ಅದ್ದಿ ತೊಳೆದು, ಟ್ರೇ ಒರ್ಸಿ, ಬೇರೆ ಬಾಟ್ಲಿ ಎಣ್ಣೆ ತೆಗೆದು ಅಮ್ಮಂಗೆ ತೋರ್ಸಿ ಸವರಿದ್ರು. ನಾವು ಕೇಳಿರ್ಲಿಲ್ಲ ಇದನ್ನ. ಆದ್ರೂ ಕೊಚ್ಚಿದ ಮಾಂಸದ ಪಾತ್ರೆ ಒಂದು ಮೊಳ ದೂರದಲ್ಲೇ ಇತ್ತು, ಅಮ್ಮ ಅದು ಕಾಣ್ದಂಗೆ ಬೆನ್ನು ತಿರುಗಿಸ್ಕೊಂಡು ಕೂತ್ರು. ಸ್ಟೂಲ್ ನಮ್ಮ ಮಣೆಗಿಂತ ಒಂದು ಗೇಣು ಎತ್ತರ ಅಷ್ಟೇ, ಮಂಡಿನೋವು ಇರೋ ಅಮ್ಮನ್ನ ಏಳ್ಸೋಕೆ ಆಮೇಲೆ ಇಬ್ರು ಬೇಕಾಯ್ತು.

ಸೋಯಾ ಸಾಸ್ ಅಮ್ಮಂಗೆ ಹಿಡಿಸ್ಲಿಲ್ಲ, ಮೂಸಿ ಪಕ್ಕಕ್ಕಿಟ್ರು. ಬ್ಯಾಗಿಂದ ಕಡ್ಲೆಕಾಯಿ ಚಟ್ನಿಪುಡಿ ಬಂತು, ಬೇಡಮ್ಮ ಎಲ್ರೂ ನೋಡ್ತಾರೆ ಅಂದ್ರೂ ಕೇಳ್ದೆ ಹಾಳೆ ಮೇಲೆ ಉದುರಿಸ್ಕೊಂಡು ಎರಡು ಪ್ಲೇಟ್ ತಿಂದ್ರು. ನಾನು ಮಾಂಸದ್ದು ಒಂದು, ಮೊಟ್ಟೆದು ಒಂದು. ಮೊಟ್ಟೆದೇ ಸೂಪರ್, ಹಾಳೆ ಒಳಗೆ ಹಳದಿ ಇನ್ನೂ ಅರ್ಧ ಹರೀತಿತ್ತು. ಬೆಲೆ ಒಂದ್ಕಡೆ 35 ಸಾವಿರ ಇತ್ತು, ಒಂದ್ಕಡೆ 50 ಸಾವಿರ, ಲೆಕ್ಕ ಬಿಡಿ.

ಮೂರನೇ ದಿನ ಅಮ್ಮನೇ ನನ್ನ ಎಬ್ಬಿಸಿ ಅಲ್ಲಿಗೇ ಹೋಗೋಣ ಅಂದ್ರು. ತಿನ್ನೋದಕ್ಕಲ್ಲ, ಪಾತ್ರೆ ಪಕ್ಕ ನಿಂತು ನೋಡೋಕೆ. ಹತ್ತು ನಿಮಿಷ ನೋಡಿದ್ರು, ಮಾತಿಲ್ಲ. ಆಮೇಲೆ, ಲೇ ಇದು ಎಲೆ ಹಪ್ಪಳ ಕಣೇ, ಒಣಗ್ಸೋಕೆ ಮುಂಚೆ ತಿಂದ್ಬಿಡ್ತಾರೆ ಇವ್ರು ಅಂದ್ರು. ನಂಗೆ ಆವಾಗ ಹೊಳೀತು, ಹೌದಲ್ವಾ. ಬೇಸಿಗೇಲಿ ಅಜ್ಜಿ ಮನೇಲಿ ಅಕ್ಕಿ ಹಿಟ್ಟು ಎಲೆಗೆ ಸವರಿ ಹಬೇಲಿ ಬೇಯ್ಸಿ ಸುಲಿದು ಮಾಳಿಗೆ ಮೇಲೆ ಪಂಚೆ ಹಾಸಿ ಒಣಗ್ಸೋರು, ನಮ್ಮನ್ನ ಕಾಗೆ ಕಾಯೋಕೆ ಕೂರ್ಸಿದ್ರೆ ಕಾಗೆಗಿಂತ ಜಾಸ್ತಿ ನಾವೇ ತಿಂತಿದ್ವಿ, ಹಸಿ ಹಪ್ಪಳಕ್ಕೆ ಕೊಬ್ರಿ ಎಣ್ಣೆ ಸವರಿ. ನೀರುದೋಸೆನೂ ಅಲ್ಲ ಶಾವಿಗೆನೂ ಅಲ್ಲ, ಇಬ್ರೂ ಕ್ಷಮಿಸಿ.

ಹನೋಯ್‌ನಲ್ಲಿ ಒಬ್ಬ:

ಅಮ್ಮಂಗೆ ದೊಡ್ಡ ನಮಸ್ಕಾರ ಹೇಳಿ! ನಾಲ್ಕು ವರ್ಷದಿಂದ ತಿಂತಿರೋ ನಂಗೆ ತಲೆಗೆ ಹೋಗಿರ್ಲಿಲ್ಲ. ಒಣಗ್ಸೋದೂ ಇಲ್ಲಿದೆ ಗೊತ್ತಾ, ಸ್ಪ್ರಿಂಗ್ ರೋಲ್‌ಗೆ ಸುತ್ತೋ ಅಕ್ಕಿ ಹಾಳೆ ಇದ್ಯಲ್ಲ, ಅದೂ ಹಿಂಗೇ ಬಟ್ಟೆ ಮೇಲೆ ಬೇಯ್ಸಿದ ಹಾಳೆನೇ. ಹನೋಯ್‌ಗೆ ಉತ್ತರಕ್ಕೆ ಕಾವ್ ನದಿ ದಂಡೆಲಿ ಥೋ ಹಾ ಅಂತ ಹಳ್ಳಿ ಇದೆ, ನಾನು ಬೈಕಲ್ಲಿ ಹೋಗಿದ್ದೆ, ಗಲ್ಲಿ ಗಲ್ಲಿಲಿ ಗೋಡೆಗೆ ಒರಗಿಸಿ ಬಿದಿರು ತಟ್ಟಿ ಮೇಲೆ ಹಾಳೆ ಒಣಗಾಕಿರ್ತಾರೆ, ಒಬ್ರು ನಡೆಯೋಷ್ಟು ಜಾಗ ಮಾತ್ರ ಬಿಟ್ಟಿರ್ತಾರೆ. ನಾವು ಕರೀತೀವಿ, ಇವ್ರು ನೆನೆಸಿ ಸುತ್ತುತಾರೆ.

ಹುಬ್ಳಿ ಮಂದಿ:

ಚಟ್ನಿಪುಡಿ ಒಯ್ಯೂದು ನನಗ ಯಾಕ ಹೊಳೀಲಿಲ್ಲ ಅಂತ ಹೆಂಡತಿ ಬೈಯಾಕತ್ತಾಳ ನೋಡ್ರಿ.

ತುಮಕೂರ್ ತಿಂಡಿಪೋತಿ:

ಹಾಹಾ. ಇನ್ನೊಂದು ವಿಷ್ಯ, ಅಮ್ಮ ಡೋಂಗ್ ಸುವಾನ್ ಮಾರ್ಕೆಟ್ ಹತ್ರ ಆ ಬಿದಿರು ಕೋಲು ಎರಡು ತಗೊಂಡಿದಾರೆ, ಚೆಕ್‌ಇನ್ ಬ್ಯಾಗಲ್ಲಿ ಸೀರೆ ಮಧ್ಯ ಸುತ್ತಿ ತಂದ್ರು. ಈ ಸಲ ಎಲೆ ಬೇಡ, ಬಟ್ಟೆ ಮೇಲೇ ಹಪ್ಪಳ ಅಂತ ಹಠ. ಮೆಲ್ಬರ್ನ್ ಅಕ್ಕ, ಬಟ್ಟೆ ಯಾವ್ದು ಕಟ್ಬೇಕು ಗೊತ್ತಾ?

ಮೆಲ್ಬರ್ನ್ ಮನೆಯಡುಗೆ:

ನಾನು ಬಟ್ಟೇಲಿ ಮಾಡಿಲ್ಲ, ಇಲ್ಲಿ ಅಂಗಡಿಯವ್ರನ್ನ ಕೇಳಿದ್ದೆ. ನೇಯ್ಗೆ ಒತ್ತೊತ್ತಾಗಿರೋ ತೆಳು ಬಟ್ಟೆ ಬೇಕು, ಜಾಳು ಬಟ್ಟೆ ಆದ್ರೆ ಹಿಟ್ಟು ಕೆಳಗೆ ಇಳಿಯುತ್ತೆ. ತಮಟೆ ಥರ ಬಿಗೀಬೇಕು, ಅಂಚಲ್ಲಿ ಒಂದು ಕಡೆ ಸಣ್ಣ ಸೀಳು ಬಿಡಿ, ಹಬೆ ಬರೋಕೂ ಮಧ್ಯೆ ನೀರು ಹುಯ್ಯೋಕೂ. ಹೊಸ ಬಟ್ಟೆ ಆದ್ರೆ ಮೊದ್ಲು ಕುದಿಸಿ ಗಂಜಿ ತೆಗೀರಿ.

ತುಮಕೂರ್ ತಿಂಡಿಪೋತಿ:

ಒತ್ತು ನೇಯ್ಗೆ, ತೆಳು. ಓದಿ ಹೇಳ್ದೆ. ಅಮ್ಮ ಸೀದಾ ಬೀರು ತೆಗೆದು ಅಪ್ಪನ ಮಲ್ಲು ಪಂಚೆ ಒಂದನ್ನ ಆಚೆಗೆ ಎಳೆದಿದಾರೆ, ಕತ್ತರಿ ಹುಡುಕ್ತಿದಾರೆ. ಅಪ್ಪ ಇನ್ನೂ ಬ್ಯಾಂಕಿಂದ ಬಂದಿಲ್ಲ.